ಕ್ರೈಸ್ತ ಚಿಂತನೆ ಮತ್ತು ಕನ್ನಡನಾಡಿನ ಖಾಸಗಿ ಕಾನೂನು: ಒಂದು ವಿಮರ್ಶೆ

೧

ಪ್ರಜೆಗೂ ಪ್ರಭುತ್ವಕ್ಕೂ ನಡುವಣ ಸಂಬಂಧವನ್ನು ಬಿಟ್ಟು, ಪ್ರಜೆ ಪ್ರಜೆಗಳ ನಡುವಣ ವ್ಯವಹಾರವನ್ನು ನಿಯಮಿಸುವ ಕಾನೂನಿಗೆ ಖಾಸಗಿ ಕಾನೂನೆಂದು ಹೆಸರು. ವಿವಾಹ, ದತ್ತಕ, ದಾಯವಿಭಾಗ, ಉಯಿಲು, ದಾನ, ಕರಾರು ಮೊದಲಾದುವೆಲ್ಲ ಅದರ ವ್ಯಾಪ್ತಿಗೆ ಸೇರುತ್ತವೆ. ಈ ಕಾನೂನಿನ ಮೇಲೆ ಕ್ರೈಸ್ತ ಚಿಂತನೆಯ ಪ್ರಭಾವವೆಷ್ಟು ಎಂಬ ಪ್ರಶ್ನೆಯನ್ನು ಯುರೋಪಿನ ಇತಿಹಾಸಕಾರರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ನಮ್ಮಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ಭಾರತೀಯ ಕ್ರೈಸ್ತರಿಗೆ ಅನ್ವಯಿಸುವ ಅಧಿನಿಯಮಗಳಲ್ಲಿ ಇರುವುದೆಲ್ಲ ಕ್ರೈಸ್ತಧರ್ಮದಿಂದಲೇ ಬಂದುದೆಂಬುದು ಒಂದು. ಅವೆಲ್ಲ ಕೇವಲ ಇಂಗ್ಲೆಂಡಿನ ಕಾನೂನು, ಧರ್ಮಕ್ಕೂ ಅವಕ್ಕೂ ಸಂಬಂಧವಿಲ್ಲವೆಂಬುದು ಇನ್ನೊಂದು.

ಈ ಎರಡು ಉತ್ತರಗಳೂ ಪರೀಕ್ಷೆಗೆ ನಿಲ್ಲಲಾರವೆಂದು ನಾವು ಭಾವಿಸುತ್ತೇವೆ. ಪ್ರಭಾವವೆಂಬ ಮಾತನ್ನು ಬಳಸುವಾಗ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು: ಧರ್ಮದ ತತ್ತ್ವ, ಧರ್ಮಸಭೆಯ ನ್ಯಾಯಾಲಯಗಳ ರೂಢಿ, ಮತ್ತು ಇಂಗ್ಲೆಂಡಿನ ಪಾರ್ಲಿಮೆಂಟು ಮಾಡಿದ ಶಾಸನ. ಈ ಮೂರನ್ನೂ ಕಲಸಿದಾಗ ಮಾತ್ರ ಮೇಲಿನ ಉತ್ತರಗಳು ಸುಲಭವಾಗಿ ದೊರೆಯುತ್ತವೆ. ಬಿಡಿಸಿ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಕ್ರೈಸ್ತವೆಂಬ ಹೆಸರು ಢಾಳಾಗಿ ಎದ್ದು ಕಾಣುವ ಕಡೆ ಆ ಚಿಂತನೆಯ ಪಾಲು ಅನೇಕ ವೇಳೆ ಅಲ್ಪ. ಹೆಸರೇ ಇಲ್ಲದ ಕಡೆ ಅದರ ಬೇರು ಆಳವಾಗಿ ಇಳಿದಿದೆ. ಇದನ್ನು ಕನ್ನಡನಾಡಿನ ಕೆಲವು ನಿದರ್ಶನಗಳಿಂದ ತೋರಿಸುವುದು ಈ ಲೇಖನದ ಉದ್ದೇಶ.

೨

ಪ್ರಭಾವವನ್ನು ಅಳೆಯಬೇಕಾದರೆ ಅದು ಬಿದ್ದ ನೆಲ ಎಂಥದೆಂದು ಮೊದಲು ತಿಳಿಯಬೇಕು. ಹಾಸನದಿಂದ ಬೇಲೂರಿಗೆ ಹೋಗುವ ಮಾರ್ಗದ ಸಮೀಪದಲ್ಲಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು ನಮ್ಮ ವಿದ್ಯಾರ್ಥಿಗಳು ಶಿಲ್ಪಕ್ಕಾಗಿ ನೋಡಿಬರುತ್ತಾರೆ. ನಾಲ್ಕು ಗರ್ಭಗುಡಿಗಳ ಈ ಚತುಷ್ಕೂಟವು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ೧೧೧೩ರ ಸುಮಾರಿಗೆ, ನಿರ್ಮಾಣವಾಯಿತು. ಕಟ್ಟಿಸಿದವರು ವರ್ತಕನಾದ ಕುಲ್ಲಹಣ ರಾಹುತನೂ ಅವನ ಹೆಂಡತಿ ಸಹಜಾದೇವಿಯೂ. ಊರಿಗೆ ಅಭಿನವ ಕೊಲ್ಲಾಪುರವೆಂಬ ಹೆಸರೂ ಶಾಸನದಲ್ಲಿದೆ. ಕಾನೂನಿನ ವಿದ್ಯಾರ್ಥಿಗೆ ಇಲ್ಲಿ ಗಮನಾರ್ಹವಾದುದು ಶಿಲ್ಪಕ್ಕಿಂತಲೂ ಆ ಎರಡು ಹೆಸರುಗಳು. ದಂಪತಿಗಳಿಬ್ಬರೂ ಸೇರಿ ತಮ್ಮ ಸ್ವತ್ತನ್ನು ಧರ್ಮಕ್ಕೆ ವಿನಿಯೋಗಿಸಿದರು; ಸತಿಯ ಹೆಸರು ಪತಿಯ ಹೆಸರಿನ ಪಕ್ಕದಲ್ಲಿ ಉಳಿಯಿತು.

ಇದೇ ದಶಕಗಳಲ್ಲಿ, ವಿಷ್ಣುವರ್ಧನನ ಅಧಿರಾಜನಾಗಿದ್ದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ರಾಜಧಾನಿಯಾದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಭಾರತದ ಬಹುಭಾಗದ ದಾಯವ್ಯವಸ್ಥೆಯನ್ನು ಎಂಟು ಶತಮಾನಗಳಿಗೂ ಮೀರಿ ಆಳಿದ ಗ್ರಂಥವಿದು. ಪಿತೃಪಿತಾಮಹರಿಂದ ಬಂದ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಒದಗುತ್ತದೆಂಬ ಜನ್ಮಸ್ವತ್ವವಾದ ಅದರ ತಿರುಳು. ಸ್ವಂತವಾಗಿ ಸಂಪಾದಿಸಿದ ಸ್ಥಿರಸ್ವತ್ತನ್ನು ಸಹ ಮಕ್ಕಳ ಸಮ್ಮತಿಯಿಲ್ಲದೆ ಕೊಡಲಾಗದೆಂದು ಹೇಳುವ ವಿಜ್ಞಾನೇಶ್ವರನು, ಆಪತ್ತು, ಕುಟುಂಬದ ನಿರ್ವಾಹ, ಧರ್ಮಕಾರ್ಯ ಎಂಬ ಮೂರು ನಿಮಿತ್ತಗಳಿಗೆ ಮಾತ್ರ ವಿನಾಯಿತಿ ಕೊಡುತ್ತಾನೆ. ದೇವರಿಗೆ ಕೊಡುವ ಸ್ವಾತಂತ್ರ್ಯವುಂಟು; ಮನಬಂದವರಿಗೆ ಕೊಡುವ ಸ್ವಾತಂತ್ರ್ಯ ಇಲ್ಲ. ದೊಡ್ಡಗದ್ದವಳ್ಳಿಯ ದಾನವು ಯಾವ ಬಗೆಯ ಸ್ವತ್ತಿನಿಂದ ನಡೆದುದೇ ಆಗಲಿ, ಆ ಕಾಲದ ಶಾಸ್ತ್ರ ತೆರೆದಿಟ್ಟಿದ್ದ ಬಾಗಿಲು ಇದೇ.

ಅದೇ ಶತಮಾನದಲ್ಲಿ, ೧೧೪೦ರ ಸುಮಾರಿಗೆ, ಇಟಲಿಯ ಬೊಲೊನ್ಯದಲ್ಲಿ ಗ್ರಾಷಿಯನ್ ಎಂಬ ಸನ್ಯಾಸಿ ಧರ್ಮಸಭೆಯ ಚದರಿದ್ದ ನಿಯಮಗಳನ್ನು ಒಟ್ಟುಗೂಡಿಸಿ, ಮುಂದೆ ಕ್ಯಾನನ್ ಕಾನೂನಿಗೆ ಅಡಿಪಾಯವಾದ ಸಂಗ್ರಹವನ್ನು ಸಿದ್ಧಪಡಿಸಿದನು. ಆ ಶತಮಾನದ ಉತ್ತರಾರ್ಧದಲ್ಲಿ ಮೂರನೆಯ ಅಲೆಕ್ಸಾಂಡರ್ ಪೋಪನು ವಧೂವರರ ಸಮ್ಮತಿಯೇ ವಿವಾಹವನ್ನು ಉಂಟುಮಾಡುತ್ತದೆಂಬ ತತ್ತ್ವವನ್ನು ಸ್ಥಿರಪಡಿಸಿದನು. ಹೀಗೆ ಒಂದೇ ಶತಮಾನದಲ್ಲಿ ಕಲ್ಯಾಣದಲ್ಲಿ ಹುಟ್ಟಿನ ಹಕ್ಕೂ ಬೊಲೊನ್ಯ-ರೋಮುಗಳಲ್ಲಿ ವ್ಯಕ್ತಿಯ ಸಮ್ಮತಿಯೂ ಶಾಸ್ತ್ರರೂಪವನ್ನು ತಳೆದವು. ಇವೆರಡೂ ನ್ಯಾಯಾಲಯದಲ್ಲಿ ಎದುರುಬದುರಾಗಲು ಏಳು ಶತಮಾನಗಳು ಬೇಕಾದವು, ಎದುರಾದುದು ಕನ್ನಡನಾಡಿನಲ್ಲಿ.

೩

ಅದಕ್ಕೆ ಪೀಠಿಕೆಯೆಂಬಂತೆ ಹಾಸನದ ಸೀಮೆಯಲ್ಲೇ ಒಂದು ಸಂಗತಿ ನಡೆಯಿತು. ಶ್ರೀರಂಗಪಟ್ಟಣ ಬಿದ್ದ (೧೭೯೯) ಬಳಿಕ ಮೈಸೂರು ದೇಶಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರನ್ನು ಜನರು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದರು. ೧೮೨೩ರಲ್ಲಿ ಸ್ವದೇಶಕ್ಕೆ ಮರಳುವವರೆಗೆ ಅವರು ಈ ನಾಡಿನಲ್ಲಿ ಓಡಾಡಿದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹೆಸರಿನ ಗ್ರಂಥ ೧೮೧೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೆರ್ಡು ಅವರ ಬರಹವೇ ಆಧಾರವೆಂಬುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸಂಶೋಧನೆಯಿಂದ ಸ್ಪಷ್ಟವಾಗಿದೆ. ಆದರೂ ಆ ಗ್ರಂಥದಲ್ಲಿ ದತ್ತಕಕ್ಕೂ ದಾಯವಿಭಾಗಕ್ಕೂ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವುದು ಅರ್ಥವಿಲ್ಲದ ಸಂಗತಿಯಲ್ಲ. ಈ ದೇಶದಲ್ಲಿ ಮತಾಂತರವೆಂದರೆ ಪೂಜೆಯ ಬದಲಾವಣೆ ಮಾತ್ರವಲ್ಲ, ಕುಲದಿಂದಲೂ ಮನೆಯಿಂದಲೂ ಬಂಧುಗಳ ಬಾಳಿನಿಂದಲೂ ಹೊರಬೀಳುವುದೆಂದು ಪಾದ್ರಿಗಳು ಅನುಭವದಿಂದ ಬಲ್ಲವರಾಗಿದ್ದರು.

ದುಬಾಯ್ ಅವರು ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದರು. ಇದನ್ನು ದಯಾಕಾರ್ಯವೆಂದು ಮಾತ್ರ ವರ್ಣಿಸುವುದು ರೂಢಿ. ನಮಗಾದರೋ ಇದು ಕಾನೂನಿನ ಒಂದು ಕೊರತೆಗೆ ನೆಲದ ಮೇಲೆ ಬರೆದ ಉತ್ತರದಂತೆ ತೋರುತ್ತದೆ. ಹುಟ್ಟಿನಿಂದ ಬಂದ ಪಾಲನ್ನು ಕಳೆದುಕೊಂಡವನಿಗೆ, ಹುಟ್ಟನ್ನು ಕೇಳದ ಪಾಲೊಂದು ಬೇಕು. ಶಾಸ್ತ್ರ ಅದನ್ನು ಕೊಡದಿದ್ದಾಗ ಹೊಲ ಕೊಡಬೇಕಾಯಿತು. ಹೇಮಾವತಿಯ ಹಿನ್ನೀರಿನಲ್ಲಿ ವರ್ಷದ ಕೆಲವು ತಿಂಗಳು ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹತ್ತೊಂಬತ್ತನೆಯ ಶತಮಾನದ ದೇವಾಲಯವೂ ಈ ಸೀಮೆಯಲ್ಲಿ ಕ್ರೈಸ್ತ ಒಕ್ಕಲುತನ ಬೇರುಬಿಟ್ಟಿದ್ದಕ್ಕೆ ಸಾಕ್ಷಿ.

ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಈ ಕೊರತೆಗೆ ಕಾನೂನಿನ ಉತ್ತರ ೧೮೫೦ರಲ್ಲಿ ಬಂದಿತು. ಮತವನ್ನು ತೊರೆದ ಅಥವಾ ಕುಲದಿಂದ ಹೊರಹಾಕಲ್ಪಟ್ಟ ಕಾರಣಕ್ಕಾಗಿ ಯಾರೂ ಸ್ವತ್ತನ್ನೂ ದಾಯದ ಹಕ್ಕನ್ನೂ ಕಳೆದುಕೊಳ್ಳತಕ್ಕದ್ದಲ್ಲವೆಂದು ಆ ವರ್ಷದ ೨೧ನೆಯ ಅಧಿನಿಯಮ ವಿಧಿಸಿತು. ಆದರೆ ಅದು ಅರ್ಧ ಉತ್ತರ. ಮತಾಂತರಗೊಂಡವನು ಹಳೆಯ ಮನೆಯಿಂದ ತರಬಹುದಾದುದೇನೆಂದು ಅದು ಹೇಳಿತು. ಆಮೇಲೆ ಅವನ ಹೆಂಡತಿ ಮಕ್ಕಳಿಗೆ ಯಾವ ಕಾನೂನು ಎಂಬುದನ್ನು ಹೇಳಲಿಲ್ಲ. ಆ ಪ್ರಶ್ನೆಯನ್ನು ಬಳ್ಳಾರಿಯ ಒಬ್ಬ ವಿಧವೆ ಕೇಳಿದಳು.

೪

ಬಳ್ಳಾರಿ ಆಗ ಮದರಾಸು ಆಧಿಪತ್ಯದ ಜಿಲ್ಲೆ, ದೊಡ್ಡ ದಂಡಿನ ಠಾಣ್ಯ. ಅಲ್ಲಿ ಮ್ಯಾಥ್ಯೂ ಅಬ್ರಹಾಮ್ ಎಂಬವನು ಸಾಮಾನ್ಯ ಸ್ಥಿತಿಯಿಂದ ಮೇಲೆ ಬಂದು, ಅಂಗಡಿ ನಡೆಸಿ, ಸಾರಾಯಿ ಭಟ್ಟಿಯನ್ನೂ ಅಬಕಾರಿ ಗುತ್ತಿಗೆಯನ್ನೂ ಹಿಡಿದು ಶ್ರೀಮಂತನಾದನು. ಅವನ ಪೂರ್ವಜರು ಪರೆಯ ಕುಲದಿಂದ ಬಂದ ಕ್ಯಾಥೊಲಿಕ್ ಕ್ರೈಸ್ತರು. ಅವನು ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿದನು. ಯುರೋಪಿಯನ್ ವಂಶದ ಸಂಬಂಧವಿದ್ದ ಷಾರ್ಲಟ್ ಫಾಕ್ಸ್ ಎಂಬವಳನ್ನು ಮದುವೆಯಾದನು. ೧೮೪೨ರಲ್ಲಿ ಉಯಿಲು ಬರೆಯದೆ ತೀರಿಕೊಂಡನು. ವ್ಯಾಪಾರವನ್ನು ಅವನ ತಮ್ಮ ಫ್ರಾನ್ಸಿಸ್ ಮುಂದುವರಿಸಿದನು. ಕೆಲವು ವರ್ಷಗಳ ಮೇಲೆ ವಿಧವೆಗೂ ಮೈದುನನಿಗೂ ವಿರಸ ಬೆಳೆದು, ವ್ಯಾಜ್ಯ ಬಳ್ಳಾರಿಯ ನ್ಯಾಯಾಲಯಕ್ಕೆ ಬಂದಿತು.

ಫ್ರಾನ್ಸಿಸನ ವಾದ ಸ್ಪಷ್ಟ: ನಾವು ಅವಿಭಕ್ತ ಕುಟುಂಬದ ಅಣ್ಣತಮ್ಮಂದಿರು, ಅಣ್ಣ ಸತ್ತರೆ ಸ್ವತ್ತು ನನ್ನ ಕೈಗೂ ಬರುತ್ತದೆ, ಮತ ಬೇರೆಯಾದರೂ ದಾಯದ ನಿಯಮ ಬೇರೆಯಾಗಲಿಲ್ಲ. ಇದು ಮಿತಾಕ್ಷರೆಯ ಮಾತು. ಷಾರ್ಲಟ್ಟಳ ವಾದ ಇದಕ್ಕೆ ಸಂಪೂರ್ಣ ವಿರುದ್ಧ: ನನ್ನ ಗಂಡ ಹಿಂದೂವಲ್ಲ, ಅವನ ಸ್ವತ್ತು ಅವನದು, ಅದು ಹೆಂಡತಿ ಮಕ್ಕಳಿಗೆ ಸೇರತಕ್ಕದ್ದು. ಬಳ್ಳಾರಿಯ ನ್ಯಾಯಾಧೀಶರು ವಿಧವೆಯ ಪರವಾಗಿ ತೀರ್ಪಿತ್ತರು. ಮದರಾಸಿನ ಸದರ್ ಅದಾಲತ್ತು ಅದನ್ನು ತಿರುಗಿಸಿತು. ಕೊನೆಗೆ ೧೮೬೩ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಲಾರ್ಡ್ ಕಿಂಗ್ಸ್‌ಡೌನ್ ಅವರ ಮುಖದಿಂದ ನಿರ್ಣಯವನ್ನು ಹೇಳಿತು.

ಆ ನಿರ್ಣಯದ ಸಾರವಿಷ್ಟು. ಹಿಂದೂ ಧರ್ಮವನ್ನು ಬಿಟ್ಟವನ ಮೇಲೆ ಹಿಂದೂ ನ್ಯಾಯದ ಕಟ್ಟು ತಾನಾಗಿ ಮುಂದುವರಿಯುವುದಿಲ್ಲ. ಅವನು ಹಳೆಯ ಧರ್ಮವನ್ನು ಬಿಟ್ಟಂತೆ ಹಳೆಯ ನ್ಯಾಯವನ್ನೂ ಬಿಡಬಹುದು. ಇಷ್ಟವಿದ್ದರೆ ಧರ್ಮವನ್ನು ಬಿಟ್ಟೂ ಹಳೆಯ ನ್ಯಾಯದಂತೆ ಬಾಳಬಹುದು. ಅವನು ಯಾವುದನ್ನು ಆರಿಸಿದನೆಂಬುದು ಅವನ ನಡವಳಿಕೆಯಿಂದ ತಿಳಿಯತಕ್ಕ ಸಂಗತಿ. ಲಿಖಿತ ಶಾಸನವಿಲ್ಲದ ಕಡೆ ನ್ಯಾಯಾಧೀಶರು ನ್ಯಾಯ, ಸಮದೃಷ್ಟಿ, ಸದಂತಃಸಾಕ್ಷಿ ಇವನ್ನು ಅನುಸರಿಸಬೇಕು. ಅಬ್ರಹಾಮನ ಮನೆಯನ್ನು ಹಿಂದೂ ಅವಿಭಕ್ತ ಕುಟುಂಬವೆಂದು ಕರೆಯಲಾಗದೆಂದು ತೀರ್ಮಾನವಾಯಿತು.

ಕ್ರೈಸ್ತ ಚಿಂತನೆಯ ಪ್ರಭಾವವನ್ನು ನಾವು ಕಾಣುವುದು ಇಲ್ಲಿ. ತೀರ್ಪಿನಲ್ಲಿ ಬೈಬಲ್ಲಿನ ವಾಕ್ಯವಿಲ್ಲ. ಕ್ರೈಸ್ತರಿಗೆ ಕ್ರೈಸ್ತ ನ್ಯಾಯವೆಂದೂ ಅದು ಹೇಳಲಿಲ್ಲ. ಆದರೆ ವ್ಯಕ್ತಿಯ ಕಾನೂನು ಅವನ ಹುಟ್ಟಿಗೆ ಅಂಟಿದ್ದಲ್ಲ, ಅವನ ಅಂತಃಸಾಕ್ಷಿ ಮಾಡಿದ ಆಯ್ಕೆಯನ್ನು ಹಿಂಬಾಲಿಸತಕ್ಕದ್ದು ಎಂಬ ಎಣಿಕೆ ಅದರ ಅಡಿಯಲ್ಲಿದೆ. ಸಮ್ಮತಿಯಿಂದ ವಿವಾಹ, ಸಮ್ಮತಿಯಿಂದ ದೀಕ್ಷೆ ಎಂದು ಕ್ಯಾನನ್ ಪಂಡಿತರು ಕಟ್ಟಿದ ಚಿಂತನೆಗೆ ಇದು ದೂರದ ನೆಂಟ. ತೀರ್ಪು ಆಶ್ರಯಿಸಿದ ಸೂತ್ರದ ವಂಶಾವಳಿಯೂ ಅದೇ ದಿಕ್ಕನ್ನು ತೋರಿಸುತ್ತದೆ. ನ್ಯಾಯ, ಸಮದೃಷ್ಟಿ, ಸದಂತಃಸಾಕ್ಷಿ ಎಂಬ ಈ ಸೂತ್ರವನ್ನು ಇಂಗ್ಲಿಷ್ ಕಾನೂನಿನ ಸ್ವಂತ ಸೊತ್ತೆಂದು ಬಹುಮಂದಿ ತಿಳಿದಿದ್ದರು. ಧರ್ಮಶಾಸ್ತ್ರದ ಪ್ರಸಿದ್ಧ ವಿದ್ವಾಂಸರಾದ ಡಂಕನ್ ಡೆರೆಟ್ ಅವರು ೧೯೬೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದರ ಮೂಲ ರೋಮನ್ ಮತ್ತು ಕ್ಯಾನನ್ ನ್ಯಾಯಗಳಲ್ಲಿದೆಯೆಂದು ತೋರಿಸಿಕೊಟ್ಟರು. ಬಳ್ಳಾರಿಯ ವ್ಯಾಜ್ಯವನ್ನು ತೀರಿಸಿದ ಮಾತು, ತೀರಿಸಿದವರಿಗೇ ಅರಿವಿಲ್ಲದಂತೆ, ಧರ್ಮಸಭೆಯ ಪಾಠಶಾಲೆಗಳಿಂದ ಬಂದದ್ದು. ಮನುಸ್ಮೃತಿಯೂ ಧರ್ಮದ ನಾಲ್ಕು ಲಕ್ಷಣಗಳಲ್ಲಿ ಆತ್ಮತುಷ್ಟಿಯನ್ನು ಎಣಿಸುತ್ತದೆಂಬುದನ್ನು ಇಲ್ಲಿ ಮರೆಯಬಾರದು. ಆದರೆ ಅಲ್ಲಿ ಅದು ಶ್ರುತಿ, ಸ್ಮೃತಿ, ಸದಾಚಾರಗಳ ತರುವಾಯದ ನಾಲ್ಕನೆಯ ಸ್ಥಾನದಲ್ಲಿದೆ. ಒಬ್ಬನನ್ನು ಅವನ ಕುಲದ ನ್ಯಾಯದಿಂದಲೇ ಬಿಡಿಸುವಷ್ಟು ಬಲ ಅದಕ್ಕೆ ದೊರೆಯಲಿಲ್ಲ.

ಈ ತೀರ್ಪನ್ನು ಹೊಗಳಿ ಸುಮ್ಮನಾಗಲು ನಮಗೆ ಸಾಧ್ಯವಿಲ್ಲ. ಅಂತಃಸಾಕ್ಷಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಸಾಕ್ಷ್ಯದಿಂದ ಸಿದ್ಧಪಡಿಸಬೇಕಾದಾಗ ನ್ಯಾಯಾಲಯ ಅಬ್ರಹಾಮನ ಉಡುಪು, ಅವನ ಒಡನಾಟ, ಅವನ ಮನೆಯ ರೀತಿನೀತಿಗಳತ್ತ ತಿರುಗಿತು. ದೇಶೀಯ ಕ್ರೈಸ್ತರಲ್ಲಿ ಹಿಂದೂ ರೂಢಿಯನ್ನು ಉಳಿಸಿಕೊಂಡವರೆಂದೂ ಯುರೋಪಿಯನ್ ರೀತಿಯನ್ನು ಹಿಡಿದವರೆಂದೂ ವಿಂಗಡಣೆ ನಡೆಯಿತು. ಇದರ ಫಲವಾಗಿ, ಆತ್ಮದ ಸ್ವಾತಂತ್ರ್ಯವೆಂದು ಮೊದಲಾದುದು ವೇಷದ ಪರೀಕ್ಷೆಯಾಗಿ ಕೊನೆಗಂಡಿತು. ಪಂಚೆಯುಟ್ಟು ಮಣೆಯ ಮೇಲೆ ಕುಳಿತು ಉಣ್ಣುವ ಕ್ರೈಸ್ತನ ಆಯ್ಕೆಯೂ ಅಂತಃಸಾಕ್ಷಿಯ ಆಯ್ಕೆಯೇ ಆಗಿರಬಹುದೆಂಬ ಸಂದೇಹಕ್ಕೆ ಆ ವಿಂಗಡಣೆಯಲ್ಲಿ ಎಡೆ ಕಿರಿದು. ಇದಲ್ಲದೆ ಆಯ್ಕೆ ಮಾಡಿದನೆನ್ನಲಾದವನು ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು. ಅವನ ಪರವಾಗಿ ಮಾತನಾಡಿದುದು ಅವನ ಕೋಟು. ತತ್ತ್ವ ದೊಡ್ಡದು, ಅದನ್ನು ಅಳೆದ ಮೊಳ ಚಿಕ್ಕದು.

೫

ಪ್ರಿವಿ ಕೌನ್ಸಿಲ್ ಕೊಟ್ಟ ಆಯ್ಕೆ ಎರಡೇ ವರ್ಷ ಬಾಳಿತು. ೧೮೬೫ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಹಿಂದೂ, ಮುಸ್ಲಿಮ್, ಬೌದ್ಧರನ್ನು ಹೊರಗಿರಿಸಿ ಉಳಿದವರಿಗೆಲ್ಲ ಒಂದೇ ದಾಯಕ್ರಮವನ್ನು ಗೊತ್ತುಪಡಿಸಿತು. ದೇಶೀಯ ಕ್ರೈಸ್ತರು ಅದರೊಳಗೆ ಬಂದರು. ೧೯೨೫ರ ಅಧಿನಿಯಮ ಅದನ್ನೇ ಮುಂದುವರಿಸಿತು. ೧೯೫೧ರಲ್ಲಿ ಅದು ಮೈಸೂರು ರಾಜ್ಯಕ್ಕೂ ವಿಸ್ತರಿಸಿತು. ಅದರಂತೆ ಉಯಿಲು ಬರೆಯದೆ ಸತ್ತವನಿಗೆ ಮಕ್ಕಳಿದ್ದರೆ ವಿಧವೆಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ. ಮಗನಿಗೂ ಮಗಳಿಗೂ ಸಮಾನವಾಗಿ.

ಈ ಸಮಾನತೆ ಎಲ್ಲಿಂದ ಬಂದಿತು? ಇಂಗ್ಲೆಂಡಿನ ಕಾನೂನಿನಿಂದ ಎಂದರೆ ಸಾಲದು. ಅಲ್ಲಿ ಆಗ ಭೂಮಿಯೆಲ್ಲ ಹಿರಿಯ ಮಗನಿಗೆ ಹೋಗುತ್ತಿತ್ತು. ಸಮಪಾಲು ಇದ್ದುದು ಚರಸ್ವತ್ತಿನಲ್ಲಿ ಮಾತ್ರ. ಚರಸ್ವತ್ತಿನ ಉಯಿಲು ಮತ್ತು ಹಂಚಿಕೆಗಳ ಅಧಿಕಾರ ಮಧ್ಯಯುಗದಿಂದ ೧೮೫೭ರವರೆಗೆ ಧರ್ಮಸಭೆಯ ನ್ಯಾಯಾಲಯಗಳ ಕೈಯಲ್ಲಿತ್ತು. ರೋಮನ್ ನ್ಯಾಯದಲ್ಲಿ ಪಳಗಿದ ಆ ನ್ಯಾಯಾಲಯಗಳ ರೂಢಿಯನ್ನು ೧೬೭೦ರ ಹಂಚಿಕೆಯ ಶಾಸನ ಸ್ಥಿರಪಡಿಸಿತು. ಅದರ ಹಿಂದೆ ಜಸ್ಟಿನಿಯನ್ ಚಕ್ರವರ್ತಿ ೫೪೩ರಲ್ಲಿ ಹೊರಡಿಸಿದ ನೂತನ ಶಾಸನದ ಮಾದರಿಯಿದೆ. ೧೮೬೫ರ ಅಧಿನಿಯಮ ಭೂಮಿ ಮತ್ತು ಚರಸ್ವತ್ತುಗಳ ಭೇದವನ್ನು ತೊಡೆದುಹಾಕಿ, ಎಲ್ಲಕ್ಕೂ ಚರಸ್ವತ್ತಿನ ನಿಯಮವನ್ನೇ ಅನ್ವಯಿಸಿತು. ಇಂಗ್ಲೆಂಡಿನಲ್ಲಿ ಪಾತ್ರೆ ಪಡಗ, ದನಕರು, ನಗನಾಣ್ಯಗಳನ್ನು ಪಾದ್ರಿಗಳ ನ್ಯಾಯಾಲಯ ಹೇಗೆ ಹಂಚುತ್ತಿತ್ತೋ, ಹಾಗೆ ಕನ್ನಡನಾಡಿನ ಕ್ರೈಸ್ತರ ಗದ್ದೆ ತೋಟಗಳು ಹಂಚಿಹೋದವು.

ಅಧಿನಿಯಮ ರೂಪುಗೊಂಡ ಕಾಲದಲ್ಲಿ ಭಾರತ ಸರ್ಕಾರದ ಕಾನೂನು ಸದಸ್ಯರಾಗಿದ್ದ ಹೆನ್ರಿ ಮೇನ್ ಅವರು ನಾಲ್ಕು ವರ್ಷ ಮೊದಲು ಪ್ರಕಟಿಸಿದ ಪ್ರಾಚೀನ ನ್ಯಾಯವನ್ನು ಕುರಿತ ಗ್ರಂಥದಲ್ಲಿ ಎರಡು ಮಾತುಗಳನ್ನು ಹೇಳಿದ್ದಾರೆ. ಗಂಡನ ಸ್ವತ್ತಿನಲ್ಲಿ ವಿಧವೆಗೆ ಪಾಲು ದೊರೆತುದು ಧರ್ಮಸಭೆಯ ಬಿಡದ ಪ್ರಯತ್ನದಿಂದ ಎಂಬುದು ಮೊದಲನೆಯದು. ಗಂಡನ ಬಾಳಿನಲ್ಲಿ ಹೆಂಡತಿಯ ಸ್ವತಂತ್ರ ಸ್ವತ್ತನ್ನು ಅಡಗಿಸಿ ಕ್ಯಾನನ್ ಪಂಡಿತರು ನಾಗರಿಕತೆಗೆ ಹಾನಿ ಮಾಡಿದರೆಂಬುದು ಎರಡನೆಯದು. ಅಧಿನಿಯಮವನ್ನು ಈ ಎರಡು ಮಾತುಗಳ ಬೆಳಕಿನಲ್ಲಿ ಓದಿದರೆ ಅದರ ಸ್ವರೂಪ ಅರ್ಥವಾಗುತ್ತದೆ. ವಿಧವೆಯ ಪಾಲನ್ನು ಅದು ಉಳಿಸಿಕೊಂಡಿತು. ಆದರೆ ಮದುವೆಯಿಂದ ಒಬ್ಬರ ಸ್ವತ್ತಿನಲ್ಲಿ ಇನ್ನೊಬ್ಬರಿಗೆ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು ಸಾರಿ, ಗಂಡ ಹೆಂಡಿರು ಒಂದೇ ದೇಹವೆಂಬ ತತ್ತ್ವದ ಸ್ವತ್ತಿನ ಪರಿಣಾಮವನ್ನು ಕಿತ್ತೊಗೆಯಿತು. ಇಂಗ್ಲೆಂಡಿನ ಹೆಂಡತಿಗೆ ಅಷ್ಟು ಪೂರ್ಣವಾದ ಹಕ್ಕು ದೊರೆತುದು ೧೮೮೨ರಲ್ಲಿ. ಒಂದೇ ಅಧಿನಿಯಮದಲ್ಲಿ ಧರ್ಮಸಭೆಯ ರೂಢಿಗೆ ಋಣವೂ ಇದೆ, ಧರ್ಮಸಭೆಯ ತತ್ತ್ವಕ್ಕೆ ಪ್ರತಿಭಟನೆಯೂ ಇದೆ.

ಹೋಲಿಕೆಗಾಗಿ ಹಿಂದೂ ಹೆಣ್ಣುಮಗಳ ಸ್ಥಿತಿಯನ್ನು ನೋಡಬಹುದು. ಮೈಸೂರು ಸಂಸ್ಥಾನದ ೧೯೩೩ರ ಸ್ತ್ರೀಹಕ್ಕಿನ ಅಧಿನಿಯಮ ಆ ಕಾಲಕ್ಕೆ ಮುಂದುವರಿದದ್ದೇ ಆದರೂ ಮಗಳಿಗೆ ಮಗನ ಸಮಾನತೆಯನ್ನು ಕೊಡಲಿಲ್ಲ. ೧೯೫೬ರ ಅಧಿನಿಯಮ ತಂದೆಯ ಪ್ರತ್ಯೇಕ ಸ್ವತ್ತಿನಲ್ಲಿ ಸಮಪಾಲನ್ನು ಕೊಟ್ಟಿತು. ಮಿತಾಕ್ಷರೆಯ ಜನ್ಮಸ್ವತ್ವ ಮಗಳಿಗೂ ದೊರೆತುದು ಕರ್ನಾಟಕದಲ್ಲಿ ೧೯೯೪ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ, ಇಡೀ ದೇಶಕ್ಕೆ ೨೦೦೫ರಲ್ಲಿ. ಈ ಮಾರ್ಗದಲ್ಲಿ ಹುಟ್ಟಿನ ಹಕ್ಕನ್ನು ಅಳಿಸದೆ ಅದನ್ನೇ ಹಿಗ್ಗಿಸಲಾಯಿತೆಂಬುದು ಗಮನಿಸತಕ್ಕದ್ದು. ಒಂದೇ ಗುರಿಗೆ ಎರಡು ದಾರಿಗಳಿದ್ದವು.

೬

ಮೇಲಿನಿಂದ ಬಂದ ಈ ಏಕರೂಪತೆಯನ್ನು ಕನ್ನಡನಾಡಿನ ಕ್ರೈಸ್ತರೆಲ್ಲರೂ ಒಂದೇ ರೀತಿಯಲ್ಲಿ ಅನುಭವಿಸಲಿಲ್ಲ. ದಕ್ಷಿಣ ಕನ್ನಡದ ಕ್ಯಾಥೊಲಿಕ್ ಮನೆತನಗಳಲ್ಲಿ ಕೂಡುಕುಟುಂಬದ ರೂಢಿ ಉಳಿದುಬಂದಿತ್ತು. ಅಬ್ರಹಾಮ್ ತೀರ್ಪಿನ ಆಯ್ಕೆ ತಮಗೆ ಇನ್ನೂ ಉಂಟೆಂಬ ವಾದ ೧೮೮೦ರ ದಶಕದಲ್ಲಿ ಟೆಲಿಸ್ ಮತ್ತು ಸಲ್ದಾನ ಪಕ್ಷಗಳ ನಡುವಣ ವ್ಯಾಜ್ಯದಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅಧಿನಿಯಮ ಜಾರಿಗೆ ಬಂದ ಮೇಲೆ ದಾಯದ ವಿಷಯದಲ್ಲಿ ಆ ಆಯ್ಕೆ ಉಳಿದಿಲ್ಲವೆಂದು ತೀರ್ಮಾನವಾಯಿತು.

ಕೊಡಗಿನಲ್ಲಿ ನಡೆದುದು ಇದಕ್ಕೆ ತದ್ವಿರುದ್ಧ. ೧೮೬೮ರ ಪ್ರಕಟಣೆಯೊಂದರಿಂದ ಸರ್ಕಾರ ಕೊಡಗಿನ ದೇಶೀಯ ಕ್ರೈಸ್ತರೆಲ್ಲರನ್ನೂ ಅಧಿನಿಯಮದಿಂದ, ಅದು ಹುಟ್ಟಿದ ದಿನದಿಂದಲೇ ಅನ್ವಯಿಸುವಂತೆ, ಬಿಡುಗಡೆ ಮಾಡಿತು. ಬಾಸೆಲ್ ಮಿಷನ್ನಿನ ಹರ್ಮನ್ ಆನಂದರಾವ್ ಕೌಂಡಿಣ್ಯ ಅವರು ಆನಂದಪುರವನ್ನು ನೆಲೆಗೊಳಿಸಿದ ಕೆಲವೇ ವರ್ಷಗಳ ಮಾತಿದು. ಕೊಡಗಿನ ಜಮ್ಮಾ ಭೂಮಿ ಒಕ್ಕದ ಸ್ವತ್ತು. ಅದು ವ್ಯಕ್ತಿಗಳ ನಡುವೆ ಒಡೆಯತಕ್ಕದ್ದಲ್ಲ. ಅಂಥ ನೆಲದ ಮೇಲೆ ವ್ಯಕ್ತಿಯನ್ನೇ ಏಕಮಾನವಾಗಿಟ್ಟ ದಾಯಕ್ರಮ ಸುಲಭವಾಗಿ ಕೂರಲಾರದು. ವಿನಾಯಿತಿಯ ಹಿಂದೆ ಈ ವಿವೇಚನೆ ಇದ್ದಿರಬೇಕೆಂಬುದು ನಮ್ಮ ಊಹೆ. ಬಳ್ಳಾರಿಯಲ್ಲಿ ಆಯ್ಕೆ, ಮಂಗಳೂರಿನಲ್ಲಿ ಕಡ್ಡಾಯ, ಮಡಿಕೇರಿಯಲ್ಲಿ ವಿನಾಯಿತಿ: ಒಂದೇ ಧರ್ಮ, ಮೂರು ಗತಿ. ಧರ್ಮವೇ ಕಾನೂನನ್ನು ನಿರ್ಣಯಿಸುತ್ತದೆಂಬ ಮೊದಲ ಅಭಿಪ್ರಾಯಕ್ಕೆ ಇದಕ್ಕಿಂತ ಬೇರೆ ಖಂಡನೆ ಬೇಕಾಗಿಲ್ಲ.

೭

ವಿವಾಹದ ವಿಷಯಕ್ಕೆ ಬಂದರೆ, ಇಲ್ಲಿ ಕ್ರೈಸ್ತ ತತ್ತ್ವ ನೇರವಾಗಿ ಶಾಸನಕ್ಕೆ ಇಳಿದ ಒಂದು ನಿದರ್ಶನ ದೊರೆಯುತ್ತದೆ. ನಂಬದ ಸಂಗಾತಿ ಬಿಟ್ಟುಹೋದರೆ ನಂಬಿದವರು ಬದ್ಧರಲ್ಲವೆಂಬ ಸಂತ ಪೌಲನ ಬೋಧೆ ಅದರ ಮೂಲ. ಮತಾಂತರಗೊಂಡ ಕಾರಣಕ್ಕೆ ಗಂಡನೋ ಹೆಂಡತಿಯೋ ಆರು ತಿಂಗಳು ತೊರೆದಿದ್ದರೆ, ನ್ಯಾಯಾಲಯ ವಿಚಾರಿಸಿ, ಮನಸ್ಸು ತಿರುಗಲು ಒಂದು ವರ್ಷದ ಅವಕಾಶ ಕೊಟ್ಟು, ಆಮೇಲೆ ಬಂಧವನ್ನು ಬಿಡಿಸಬಹುದೆಂದು ೧೮೬೬ರ ಅಧಿನಿಯಮ ವಿಧಿಸಿತ್ತು. ಮತವನ್ನು ಬಿಟ್ಟವನೊಬ್ಬನಾದರೆ ಮದುವೆಯನ್ನು ಕಳೆದುಕೊಂಡವರು ಇಬ್ಬರು. ಆ ಇನ್ನೊಬ್ಬರ ಅಂತಃಸಾಕ್ಷಿಯನ್ನೂ ಕರೆದು ಕೇಳುವ ವಿಧಾನವನ್ನು ಇಟ್ಟದ್ದು ಆ ಅಧಿನಿಯಮದ ಗುಣ.

ವಿಚ್ಛೇದನದ ೧೮೬೯ರ ಅಧಿನಿಯಮದ ಕಥೆ ಬೇರೆ. ಹೆಂಡತಿಯ ವ್ಯಭಿಚಾರ ಒಂದೇ ಗಂಡನಿಗೆ ಸಾಕಾದ ಕಾರಣ. ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವೋ ಪರ ತ್ಯಾಗವೋ ಮತ್ತೊಂದು ದೋಷವೋ ಸೇರಿದ್ದರೆ ಮಾತ್ರ ಹೆಂಡತಿಗೆ ಬಿಡುಗಡೆ. ಈ ತಾರತಮ್ಯವನ್ನು ಕ್ರೈಸ್ತ ವಿವಾಹನ್ಯಾಯವೆಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತ ಬಂದವು. ವಾಸ್ತವವಾಗಿ ಅದು ೧೮೫೭ರ ಇಂಗ್ಲಿಷ್ ಶಾಸನದ ಪ್ರತಿ. ಏಕಪತ್ನೀವ್ರತದಲ್ಲಿ ಗಂಡಿಗೊಂದು ಹೆಣ್ಣಿಗೊಂದು ಅಳತೆ ಇಲ್ಲವೆಂದು ನಾಲ್ಕನೆಯ ಶತಮಾನದ ಸಂತ ಜೆರೋಮನೇ ವಾದಿಸಿದ್ದನು. ಕ್ಯಾನನ್ ಕಾನೂನಿನಲ್ಲಿ ದಂಪತಿಗಳ ನಿಷ್ಠೆ ಸಮಾನ. ಆ ತಾರತಮ್ಯ ಭಾರತದ ಗ್ರಂಥದಿಂದ ಅಳಿಸಿದುದು ೨೦೦೧ರ ತಿದ್ದುಪಡಿಯಿಂದ. ಯಾವ ನಿಯಮಕ್ಕೆ ಕ್ರೈಸ್ತವೆಂಬ ಹೆಸರು ಗಟ್ಟಿಯಾಗಿ ಅಂಟಿತ್ತೋ ಅದರಲ್ಲೇ ಕ್ರೈಸ್ತ ತತ್ತ್ವ ಕಡಮೆಯಾಗಿತ್ತು.

ಧರ್ಮಸಭೆಯ ನ್ಯಾಯಪೀಠ ವಿವಾಹವನ್ನು ಅಸಿಂಧುವೆಂದು ಸಾರಿದರೆ ಅದನ್ನು ರಾಜ್ಯವೂ ಒಪ್ಪಬೇಕೆಂದು ಮಂಗಳೂರಿನ ಕ್ಯಾಥೊಲಿಕ್ ಸಮಾಜದ ಮುಖಂಡರೂ ವಕೀಲರೂ ಆದ ಕ್ಲಾರೆನ್ಸ್ ಪಾಯಸ್ ಅವರು ಸರ್ವೋಚ್ಚ ನ್ಯಾಯಾಲಯವನ್ನು ಬೇಡಿದ್ದರು. ೨೦೧೭ರಲ್ಲಿ ಆ ಅರ್ಜಿ ವಜಾ ಆಯಿತು. ಪ್ರಭಾವ ಬೇರೆ, ಅಧಿಕಾರ ಬೇರೆ ಎಂಬುದನ್ನು ಈ ನಿರ್ಣಯ ಸ್ಪಷ್ಟಪಡಿಸುತ್ತದೆ. ಹಾಸನ, ಮೈಸೂರು ಸೀಮೆಗಳಲ್ಲಿ ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತರುವ ರೂಢಿ ಉಂಟಷ್ಟೆ. ಕ್ಯಾನನ್ ಕಾನೂನು ಆ ಸಂಬಂಧಗಳನ್ನು ತಡೆಯುತ್ತದೆ, ಆದರೆ ವಿಶೇಷ ಅನುಮತಿಯಿಂದ ತಡೆಯನ್ನು ತೆಗೆಯುವ ಅವಕಾಶವನ್ನೂ ಇಟ್ಟಿದೆ. ಇಲ್ಲಿ ಬಾಗಿದುದು ಪ್ರಭಾವ ಬೀರಬೇಕಾದ ಕಾನೂನೇ.

೮

ಕೊನೆಯದಾಗಿ ದತ್ತಕ ಮತ್ತು ಧರ್ಮದಾನಗಳನ್ನು ನೋಡೋಣ. ಧರ್ಮಸಭೆ ದತ್ತಕವನ್ನೂ ಸಮೀಪಬಂಧುಗಳ ವಿವಾಹವನ್ನೂ ನಿರುತ್ತೇಜನಗೊಳಿಸಿದುದರಿಂದ ವಾರಸುದಾರರು ಕಡಮೆಯಾಗಿ, ಸ್ವತ್ತು ಧರ್ಮಸಭೆಯ ಕಡೆಗೆ ಹರಿಯಿತೆಂದು ಮಾನವಶಾಸ್ತ್ರಜ್ಞ ಜಾಕ್ ಗೂಡಿ ಅವರು ೧೯೮೩ರಲ್ಲಿ ವಾದಿಸಿದರು. ಈ ವಾದವನ್ನು ಪೂರ್ಣವಾಗಿ ಒಪ್ಪಲಾಗದು. ಮಗನ ಪಾಲನ್ನು ಕಿತ್ತು ಧರ್ಮಸಭೆಗೆ ಕೊಡುವ ದಾನವನ್ನು ಮೆಚ್ಚದ ಸಂತ ಅಗಸ್ಟೀನನು, ಮಕ್ಕಳ ಜೊತೆಗೆ ಕ್ರಿಸ್ತನನ್ನೂ ಒಬ್ಬ ಮಗನೆಂದು ಎಣಿಸಿ ಪಾಲಿಡಿರೆಂದಷ್ಟೇ ಬೋಧಿಸಿದನು. ಆದರೆ ದತ್ತಕದ ವಿಷಯದಲ್ಲಿ ಫಲಿತಾಂಶ ಕಣ್ಣೆದುರಿಗಿದೆ. ಇಂಗ್ಲೆಂಡಿನಲ್ಲಿ ೧೯೨೬ರವರೆಗೆ ದತ್ತಕದ ಕಾನೂನೇ ಇರಲಿಲ್ಲ. ಅದನ್ನು ಅನುಸರಿಸಿದ ಭಾರತದ ಉತ್ತರಾಧಿಕಾರ ಅಧಿನಿಯಮದಲ್ಲೂ ದತ್ತಕಕ್ಕೆ ಸ್ಥಾನವಿಲ್ಲ. ದುಬಾಯ್ ಅವರ ಗ್ರಂಥ ಅಧ್ಯಾಯವಿಟ್ಟು ವರ್ಣಿಸಿದ ಸಂಸ್ಥೆ, ಅವರ ಹಿಂದೆ ನಡೆದವರ ಮಕ್ಕಳಿಗೆ ದೊರೆಯಲಿಲ್ಲ. ಬಾಲನ್ಯಾಯದ ಅಧಿನಿಯಮಗಳು ಈ ಶತಮಾನದಲ್ಲಿ ಆ ತೆರವನ್ನು ಮತಭೇದವಿಲ್ಲದೆ ತುಂಬಿವೆ.

ಧರ್ಮದಾನದಲ್ಲಂತೂ ಕಾನೂನು ಧರ್ಮಸಭೆಯನ್ನೇ ಶಂಕಿಸಿತು. ಹತ್ತಿರದ ಬಂಧುಗಳಿರುವ ಕ್ರೈಸ್ತನು ಧರ್ಮಕ್ಕೆ ಸ್ವತ್ತು ಬಿಡಬೇಕಾದರೆ ಮರಣಕ್ಕೆ ಹನ್ನೆರಡು ತಿಂಗಳಿಗೆ ಕಡಮೆಯಿಲ್ಲದಂತೆ ಮೊದಲೇ ಉಯಿಲು ಬರೆದು, ಆರು ತಿಂಗಳೊಳಗೆ ಅದನ್ನು ಠೇವಣಿ ಇಟ್ಟಿರಬೇಕೆಂದು ಅಧಿನಿಯಮದ ೧೧೮ನೆಯ ಪ್ರಕರಣ ವಿಧಿಸಿತ್ತು. ಇದು ೧೭೩೬ರ ಇಂಗ್ಲಿಷ್ ಶಾಸನದ ನೆರಳು. ಸಾಯುವವನ ಹಾಸಿಗೆಯ ಬಳಿ ಪಾದ್ರಿಯಿದ್ದಾನೆಂಬ ಭಯ ಅದರ ಮೂಲ. ಜಾನ್ ವಳ್ಳಮಟ್ಟಂ ಎಂಬ ಪಾದ್ರಿಯ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ೨೦೦೩ರಲ್ಲಿ ಆ ಪ್ರಕರಣವನ್ನು ಸಮಾನತೆಗೆ ವಿರುದ್ಧವೆಂದು ರದ್ದುಗೊಳಿಸಿತು. ವಿಜ್ಞಾನೇಶ್ವರನು ಧರ್ಮಕಾರ್ಯಕ್ಕೆ ಬಾಗಿಲು ತೆರೆದಿಟ್ಟು ಉಳಿದೆಡೆ ಮುಚ್ಚಿದನು. ಕ್ರೈಸ್ತರಿಗೆಂದು ಮಾಡಿದ ಅಧಿನಿಯಮ ಎಲ್ಲ ಬಾಗಿಲುಗಳನ್ನೂ ತೆರೆದು ಧರ್ಮದ ಬಾಗಿಲಿಗೆ ಮಾತ್ರ ಅಗುಳಿ ಹಾಕಿತ್ತು. ಕುಲ್ಲಹಣನೂ ಸಹಜಾದೇವಿಯೂ ಮಾಡಿದಂಥ ದಾನವನ್ನು ನೂರು ವರ್ಷದ ಹಿಂದೆ ಶೆಟ್ಟಿಹಳ್ಳಿಯ ಒಕ್ಕಲಿಗನೊಬ್ಬನು ಕೊನೆಗಾಲದ ಉಯಿಲಿನಿಂದ ಮಾಡಬಯಸಿದ್ದರೆ, ಇಂಥ ವಿಧಿ ಅವನ ಕೈಯನ್ನು ತಡೆಯುತ್ತಿತ್ತು.

೯

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹಿಸುತ್ತೇವೆ. ಕ್ರೈಸ್ತ ಚಿಂತನೆ ಕನ್ನಡನಾಡಿನ ಖಾಸಗಿ ಕಾನೂನಿಗೆ ಕೊಟ್ಟ ಮುಖ್ಯ ಕಾಣಿಕೆ ಅಂತಃಸಾಕ್ಷಿಯುಳ್ಳ ವ್ಯಕ್ತಿಯೇ ಕಾನೂನಿನ ಏಕಮಾನವೆಂಬ ಭಾವನೆ. ಅದರ ಶುದ್ಧ ರೂಪ ಬಳ್ಳಾರಿಯ ವ್ಯಾಜ್ಯದಲ್ಲಿದೆ. ಮಕ್ಕಳ ಸಮಪಾಲು, ವಿಧವೆಯ ಪಾಲು ಇವು ಧರ್ಮಸಭೆಯ ನ್ಯಾಯಾಲಯಗಳ ರೂಢಿಯಿಂದ ಬಂದವು. ವಿಚ್ಛೇದನದ ತಾರತಮ್ಯ, ಧರ್ಮದಾನದ ನಿರ್ಬಂಧ ಇವು ಇಂಗ್ಲಿಷ್ ಪಾರ್ಲಿಮೆಂಟಿನ ಕೂಸುಗಳು, ಕ್ರೈಸ್ತ ತತ್ತ್ವಕ್ಕೆ ಹೊರಗು. ಕೊನೆಯ ಎರಡನ್ನು ಈ ಶತಮಾನದ ಆರಂಭದಲ್ಲಿ ತೆಗೆದುಹಾಕಿದಾಗ ಧರ್ಮಕ್ಕೆ ಕುಂದಾಯಿತೆಂದು ಯಾರಿಗೂ ತೋರಲಿಲ್ಲವೆಂಬುದು ನಮ್ಮ ವಿಂಗಡಣೆಗೆ ಬೆಂಬಲ.

ವೈಯಕ್ತಿಕ ಕಾನೂನುಗಳ ಸುಧಾರಣೆಯ ಚರ್ಚೆ ನಡೆದಾಗಲೆಲ್ಲ, ಈ ನಿಯಮ ನಮ್ಮ ಧರ್ಮದ ಅಂಗ ಎಂಬ ಮಾತು ಎಲ್ಲ ಸಮಾಜಗಳಿಂದಲೂ ಬರುತ್ತದೆ. ಆ ಮಾತನ್ನು ಹಗುರಾಗಿ ತಳ್ಳಿಹಾಕುವುದೂ ಸಲ್ಲದು, ಪರೀಕ್ಷಿಸದೆ ಒಪ್ಪುವುದೂ ಸಲ್ಲದು. ಯಾವ ನಿಯಮ ತತ್ತ್ವದಿಂದ, ಯಾವುದು ರೂಢಿಯಿಂದ, ಯಾವುದು ಯಾರೋ ಮಾಡಿದ ಶಾಸನದಿಂದ ಬಂದಿತೆಂದು ಒಂದೊಂದಾಗಿ ಬಿಡಿಸಿ ಹೇಳುವುದು ಇತಿಹಾಸ ಮತ್ತು ನ್ಯಾಯಶಾಸ್ತ್ರಗಳ ವಿದ್ಯಾರ್ಥಿಗಳ ಹೊಣೆ. ಹಾಸನ ಸೀಮೆಯ ಶಾಸನಗಳಲ್ಲಿ ದಂಪತಿಗಳು ಕೂಡಿ ಮಾಡಿದ ದಾನಗಳನ್ನೂ, ಇದೇ ಸೀಮೆಯ ಕ್ರೈಸ್ತ ಒಕ್ಕಲುಗಳ ಹಳೆಯ ವಿಭಾಗಪತ್ರ ಉಯಿಲುಗಳನ್ನೂ ಜೊತೆಯಲ್ಲಿಟ್ಟು ಓದುವ ಕೆಲಸ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ. ಅದನ್ನು ಕೈಗೊಳ್ಳುವ ವಿದ್ಯಾರ್ಥಿಗೆ ಈ ಲೇಖನದ ವಿಂಗಡಣೆ ಒಂದು ಆರಂಭವಾಗಬಹುದು.